ಬಾಡಿಗೆ ಸರ್ಕಾರದ್ದು, ಚಳಿ ನಿಮ್ಮದು: ವಿದೇಶದಲ್ಲಿರುವ ಅಮೆರಿಕನ್ ಸೈನಿಕನ ಮನೆ ಲೆಕ್ಕ

2025ರ ಜುಲೈನಲ್ಲಿ ಒಂದು ದಿನ ಅಕ್ಕನ ಮಗ ಫೋನ್ ಮಾಡಿದ. ಹುಟ್ಟಿದ್ದು, ಬೆಳೆದದ್ದು ಎಲ್ಲ ಅಮೆರಿಕದಲ್ಲಿ. ಅಲ್ಲಿನ ಸೇನೆಯಲ್ಲಿ ಸಾರ್ಜೆಂಟ್. ಈಗ ಜರ್ಮನಿಯ ಕೈಸರ್ಸ್‌ಲಾಟರ್ನ್ ಹತ್ತಿರದ ಒಂದು ಹಳ್ಳಿಯಲ್ಲಿ ಹೆಂಡತಿ ಜೊತೆ ಬಾಡಿಗೆ ಮನೆಯಲ್ಲಿದ್ದಾನೆ. "ಮಾಮ, ಮನೆ ಬಾಡಿಗೆ ಭತ್ಯೆ ಜಾಸ್ತಿ ಮಾಡಿದ್ದಾರೆ. ಜನವರಿಗಿಂತ 180 ಡಾಲರ್ ಮೇಲೆ ಬರ್ತಿದೆ. ಒಂದು ಹೊಸ ಡೈನಿಂಗ್ ಟೇಬಲ್ ತಗೊಳ್ಳೋಣ ಅಂತಿದ್ದೀವಿ" ಅಂದ. ನಾನು ಬ್ಯಾಂಕಿನ ಫಾರಿನ್ ಎಕ್ಸ್‌ಚೇಂಜ್ ಡೆಸ್ಕಿನಲ್ಲಿ ಹದಿನೆಂಟು ವರ್ಷ ಕೂತು ಎದ್ದವನು. ಕೇಳಿದ್ದು ಒಂದೇ ಪ್ರಶ್ನೆ: ಯೂರೋ ಈಗ ಎಷ್ಟು?

ವರ್ಷದ ಆರಂಭದಲ್ಲಿ ಒಂದು ಯೂರೋಗೆ 1.04 ಡಾಲರ್ ಆಸುಪಾಸು ಇತ್ತು. ಜುಲೈ ಹೊತ್ತಿಗೆ ಅದು 1.17 ದಾಟಿತ್ತು. ಅವನ ಬಾಡಿಗೆ 1,400 ಯೂರೋ ಅಂತಿಟ್ಟುಕೊಳ್ಳಿ. ಜನವರಿಯಲ್ಲಿ ಅದಕ್ಕೆ 1,456 ಡಾಲರ್ ಬೇಕಿತ್ತು, ಜುಲೈನಲ್ಲಿ 1,638. ವ್ಯತ್ಯಾಸ 182. ಅವನು ಸಂಬಳ ಜಾಸ್ತಿ ಆಯ್ತು ಅಂದುಕೊಂಡಿದ್ದು ಇದೇ 182 ಡಾಲರ್. ಅವನ ಕೈಗೆ ಬಂದು ಹಾಗೇ ಮನೆ ಮಾಲೀಕನ ಅಕೌಂಟಿಗೆ ಹೋಗುವ ದುಡ್ಡು. ಭತ್ಯೆ ಜಾಸ್ತಿ ಆಗಿರಲಿಲ್ಲ, ಡಾಲರ್ ಸೊರಗಿತ್ತು ಅಷ್ಟೇ. ಟೇಬಲ್ ಬರಲಿಲ್ಲ.

ಈ ಫೋನಿನ ನಂತರ ನಾನು ಆ ಭತ್ಯೆಯ ನಿಯಮಗಳನ್ನೆಲ್ಲ ಕೂತು ಓದಿದೆ. ನಿವೃತ್ತನಿಗೆ ಇನ್ನೇನು ಕೆಲಸ. ಓದುತ್ತಾ ಹೋದ ಹಾಗೆ ಒಂದು ವಿಷಯ ಸ್ಪಷ್ಟವಾಯಿತು. ಮನೆಯ ದೊಡ್ಡ ಖರ್ಚಾದ ಬಾಡಿಗೆಯ ಅಪಾಯವನ್ನು ಅಮೆರಿಕ ಸರ್ಕಾರ ಬಹುಪಾಲು ತನ್ನ ಮೇಲೆ ಹಾಕಿಕೊಂಡಿದೆ. ಆದರೆ ಅಪಾಯ ಅನ್ನೋದು ಮಾಯವಾಗುವ ವಸ್ತುವಲ್ಲ. ಅದು ಬಾಡಿಗೆಯಿಂದ ಜಾರಿ ಕರೆಂಟ್ ಬಿಲ್ಲಿಗೆ, ಹೀಟಿಂಗಿಗೆ, ಡಿಪಾಸಿಟ್ಟಿಗೆ, ಬ್ಯಾಂಕಿನ ವಿನಿಮಯ ದರಕ್ಕೆ ಬಂದು ಕೂತಿದೆ. ಸೈನಿಕರ ಬಜೆಟ್ ಹಾಳಾಗೋದು ಇಲ್ಲೇ. ಬಾಡಿಗೆ ಹೇಗೂ ಸರ್ಕಾರದ್ದು ಅಂತ ಎಲ್ಲರೂ ನೆಮ್ಮದಿಯಾಗಿರುವಾಗ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ.

ಅಮೆರಿಕದ ಒಳಗೆ, ಹವಾಯಿ ಮತ್ತು ಅಲಾಸ್ಕಾ ಸೇರಿ, ಸೇನಾ ನೆಲೆಯ ಹೊರಗೆ ಮನೆ ಮಾಡಿದ ಸೈನಿಕನಿಗೆ ಸಿಗೋದು ಬಿಎಎಚ್ ಅನ್ನುವ ಭತ್ಯೆ. ಇದು ನಮ್ಮ ಕೇಂದ್ರ ಸರ್ಕಾರಿ ನೌಕರರ ಎಚ್‌ಆರ್‌ಎ ಇದ್ದ ಹಾಗೆ. ಬೆಂಗಳೂರಿನಲ್ಲಿದ್ದರೆ ಈಗ ಮೂಲ ವೇತನದ 30%, ಅದಕ್ಕಿಂತ ಚಿಕ್ಕ ಊರಿಗೆ 20%, ಇನ್ನೂ ಚಿಕ್ಕದಕ್ಕೆ 10% ಅಂತ ಬರುತ್ತದೆ ಅಲ್ವಾ, ನೀವು ಎಷ್ಟು ಬಾಡಿಗೆ ಕೊಡ್ತೀರಿ ಅನ್ನೋದು ಬೇರೆ ಮಾತು. ಬಿಎಎಚ್ ಕೂಡ ಹಾಗೇ. ಊರು, ರ‍್ಯಾಂಕ್, ಕುಟುಂಬ ಇದೆಯೋ ಇಲ್ಲವೋ ನೋಡಿ ಒಂದು ಮೊತ್ತ. ಕಡಿಮೆ ಬಾಡಿಗೆಯ ಮನೆ ಹಿಡಿದರೆ ಉಳಿದದ್ದು ನಿಮ್ಮದು, ದುಬಾರಿ ಮನೆ ಹಿಡಿದರೆ ಮೇಲಿನದ್ದು ನಿಮ್ಮ ಜೇಬಿನಿಂದ. 2019ರಿಂದ ಈಚೆಗೆ ಲೆಕ್ಕ ಹಾಕುವಾಗಲೇ ಸುಮಾರು 5% ಸೈನಿಕನೇ ಭರಿಸಲಿ ಅಂತ ಬಿಟ್ಟಿದ್ದಾರೆ.

ವಿದೇಶಕ್ಕೆ ಹೋದ ಕೂಡಲೇ ಆಟದ ನಿಯಮವೇ ಬೇರೆ. ಅಲ್ಲಿ ಸಿಗೋದು ಓಎಚ್‌ಎ, ಅಂದರೆ ಓವರ್ಸೀಸ್ ಹೌಸಿಂಗ್ ಅಲೋಯನ್ಸ್. ಗುವಾಮ್, ಪೋರ್ಟೊ ರಿಕೊ ಅಮೆರಿಕದ್ದೇ ನೆಲವಾದರೂ ಅಲ್ಲಿ ನಡೆಯೋದು ಇದೇ. ಇದರಲ್ಲಿ ಮೂರು ಭಾಗ. ಬಾಡಿಗೆ ಒಂದು. ಕರೆಂಟ್, ನೀರು, ಹೀಟಿಂಗ್ ಮತ್ತು ಸಣ್ಣಪುಟ್ಟ ನಿರ್ವಹಣೆಗೆ ಒಂದು. ಮನೆಗೆ ಹೊಕ್ಕುವಾಗಿನ ಖರ್ಚಿಗೆ ಒಂದು. ಮೂರಕ್ಕೂ ಮೂರು ಥರದ ನಿಯಮ, ಗೊಂದಲ ಶುರುವಾಗೋದೇ ಅಲ್ಲಿಂದ. ಬಾಡಿಗೆಗೆ ಒಂದು ಗರಿಷ್ಠ ಮಿತಿ ಇರುತ್ತದೆ. ಮಿತಿಯ ಒಳಗೆ ನೀವು ನಿಜವಾಗಿ ಎಷ್ಟು ಕೊಡ್ತೀರೋ ಅಷ್ಟೇ ಸಿಗುತ್ತದೆ, ಒಂದು ಪೈಸೆ ಜಾಸ್ತಿ ಇಲ್ಲ. ಮಿತಿ 1,700, ನಿಮ್ಮ ಬಾಡಿಗೆ 1,400 ಅಂದರೆ ಸಿಗೋದು 1,400. ಉಳಿದ 300 ಯಾರದ್ದೂ ಅಲ್ಲ. ಮಿತಿ ಮೀರಿದರೆ ಮೇಲಿನದ್ದು ನಿಮ್ಮದು. ಕುಟುಂಬ ಜೊತೆಗಿಲ್ಲದವರಿಗೆ ಮಿತಿ ಕುಟುಂಬಸ್ಥರ 90%. ಇದನ್ನೆಲ್ಲ ದಾಖಲಿಸೋದು ಡಿಡಿ 2367 ಅನ್ನುವ ಫಾರ್ಮಿನಲ್ಲಿ, ಬಾಡಿಗೆ ಕರಾರಿನ ಪ್ರತಿ ಲಗತ್ತಿಸಿ, ಹೌಸಿಂಗ್ ಆಫೀಸಿನ ಕಣ್ಣ ಮುಂದೆ.

ಮಾರ್ಚ್ ತಿಂಗಳಲ್ಲಿ ನಮ್ಮ ಆಫೀಸುಗಳಲ್ಲಿ ಬಾಡಿಗೆ ರಸೀದಿ ಹುಡುಕಾಟ ಹೇಗಿರುತ್ತದೆ ಅಂತ ನೆನಪು ಮಾಡಿಕೊಳ್ಳಿ. ಅಪ್ಪನ ಹೆಸರಲ್ಲಿ, ಅತ್ತೆಯ ಹೆಸರಲ್ಲಿ ರಸೀದಿ, ರೆವೆನ್ಯೂ ಸ್ಟ್ಯಾಂಪು ಅಂಟಿಸಿ ಸಹಿ. ನಮ್ಮಲ್ಲಿ ಅದು ಹೆಚ್ಚಿಗೆ ಅಂದರೆ ತೆರಿಗೆ ಇಲಾಖೆಯ ನೋಟಿಸಿಗೆ ಮುಗಿಯಬಹುದು. ಅಲ್ಲಿ ಮಾಲೀಕನ ಜೊತೆ ಮಾತಾಡಿಕೊಂಡು ಬಾಡಿಗೆ ಜಾಸ್ತಿ ಬರೆಸಿ ಆಮೇಲೆ ವಾಪಸ್ ತಗೊಂಡರೆ ಅದು ಸರ್ಕಾರಕ್ಕೆ ಮಾಡಿದ ಮೋಸ, ಕೋರ್ಟ್ ಮಾರ್ಷಲ್ ತನಕ ಹೋಗುವ ವಿಷಯ.

ಇನ್ನು ಮಿತಿಯ ಲೆಕ್ಕಕ್ಕೆ ಬನ್ನಿ. ಇದು ನನಗೆ ತುಂಬಾ ಕುತೂಹಲ ಹುಟ್ಟಿಸಿದ ಭಾಗ. ಒಂದು ಊರಿನಲ್ಲಿ ಕುಟುಂಬ ಸಮೇತ ಇರುವ ಸೈನಿಕರು ನಿಜವಾಗಿ ಕೊಡುತ್ತಿರುವ ಬಾಡಿಗೆಗಳನ್ನು ತೆಗೆದುಕೊಂಡು, ಅವರಲ್ಲಿ 80% ಜನರ ಬಾಡಿಗೆ ಪೂರ್ತಿ ತುಂಬುವ ಹಾಗೆ ಮಿತಿ ಇಡುತ್ತಾರೆ. ಕೇಳೋಕೆ ನ್ಯಾಯವಾಗಿದೆ. ಆದರೆ ಆ ಮಿತಿ ಗುಟ್ಟೇನಲ್ಲ, ಇಂಟರ್‌ನೆಟ್ಟಿನಲ್ಲಿ ಊರಿನ ಹೆಸರು, ರ‍್ಯಾಂಕ್ ಹಾಕಿದರೆ ಯಾರಿಗೂ ಸಿಗುತ್ತದೆ. ಜಪಾನಿನ ಮನೆ ಏಜೆಂಟನಿಗೂ ಸಿಗುತ್ತದೆ. ಒಕಿನಾವಾದ ಕಡೇನಾ ವಾಯುನೆಲೆಯ ಪಕ್ಕ, ಚಾತಾನ್ ಊರಿನ ಸುನಾಬೆ ಕಡಲಗೋಡೆಯ ಉದ್ದಕ್ಕೂ ಅಮೆರಿಕನ್ನರನ್ನೇ ಗಮನದಲ್ಲಿಟ್ಟು ಕಟ್ಟಿದ ಅಪಾರ್ಟ್‌ಮೆಂಟುಗಳಿವೆ. ಅಲ್ಲಿ ಮನೆ ಹುಡುಕುವ ಸೈನಿಕನಿಗೆ ಏಜೆಂಟ್ ಮೊದಲು ಕೇಳೋದು ಎಷ್ಟು ಕೋಣೆ ಬೇಕು ಅಂತಲ್ಲ, ನಿಮ್ಮ ರ‍್ಯಾಂಕ್ ಏನು ಅಂತ, ಇದು ಅಲ್ಲಿದ್ದು ಬಂದವರು ನಗುತ್ತಾ ಹೇಳುವ ಮಾತು. ಕೊರಿಯಾದ ಪ್ಯೊಂಗ್‌ಟೆಕ್‌ನಲ್ಲಿ ಕ್ಯಾಂಪ್ ಹಂಫ್ರೀಸ್ ದೊಡ್ಡದಾಗಿ, 2018ರಲ್ಲಿ ಅಮೆರಿಕನ್ ಪಡೆಗಳ ಮುಖ್ಯ ಕಚೇರಿ ಸಿಯೋಲ್‌ನಿಂದ ಅಲ್ಲಿಗೆ ಬಂದ ಮೇಲೆ ಸುತ್ತಲಿನ ಗದ್ದೆಗಳಲ್ಲಿ ಇದೇ ಥರದ ಮನೆಗಳು ಎದ್ದವು.

ಸೈನಿಕ ಚೌಕಾಶಿ ಮಾಡ್ತಾನಾ? ಯಾಕೆ ಮಾಡಬೇಕು? ಮಾಲೀಕ 1,700 ಕೇಳಿದ್ದನ್ನು 1,500ಕ್ಕೆ ಇಳಿಸಿದರೆ ಇವನಿಗೆ ಸಿಗೋದು ಸೊನ್ನೆ, ಬರೀ ಬಾಯಿ ನೋವು. ಬಿಎಎಚ್ ಆಗಿದ್ದರೆ ತಿಂಗಳಿಗೆ 200 ಇವನ ಜೇಬಿಗೆ ಬೀಳುತ್ತಿತ್ತು, ಆಗ ನೋಡಿ ಚೌಕಾಶಿ. ನಮ್ಮ ಗಾಂಧಿಬಜಾರಿನಲ್ಲಿ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಇಳಿಸುವ ಜನ, ಕಂಪನಿ ದುಡ್ಡಲ್ಲಿ ಹೋಟೆಲ್ ರೂಮ್ ಬುಕ್ ಮಾಡುವಾಗ ರೇಟೇ ಕೇಳೋದಿಲ್ಲ ಅಲ್ವಾ, ಅದೇ ಕತೆ.

ಇಲ್ಲೊಂದು ಸೂಕ್ಷ್ಮ ಇದೆ. ಬಾಡಿಗೆಗಳೆಲ್ಲ ಮಿತಿಗೆ ಬಂದು ಅಂಟಿಕೊಂಡರೆ ಮಿತಿ ಏರುತ್ತಾ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಲೆಕ್ಕ ಹಾಗೆ ಹೇಳೋದಿಲ್ಲ. ನೂರು ಜನರಲ್ಲಿ ಎಲ್ಲರೂ 1,700 ಕೊಡ್ತಿದ್ದರೆ ಎಂಬತ್ತನೆಯವನ ಬಾಡಿಗೆಯೂ 1,700, ಮಿತಿಯೂ 1,700. ಅದು ಮೇಲೆ ಹೋಗಬೇಕಾದರೆ ಇಪ್ಪತ್ತಕ್ಕಿಂತ ಜಾಸ್ತಿ ಜನ ಜೇಬಿನಿಂದ ಸೇರಿಸಿ ಕೊಡುತ್ತಿರಬೇಕು. ಅಂದರೆ ಈ ವ್ಯವಸ್ಥೆಯಲ್ಲಿ ಬಾಡಿಗೆ ತಾನಾಗಿ ಏರದಿದ್ದರೂ ಇಳಿಯಲು ದಾರಿಯೇ ಇಲ್ಲ. ಊರಿನಲ್ಲಿ ಮನೆಗಳು ಖಾಲಿ ಬಿದ್ದಿದ್ದರೂ ಮಾಲೀಕನಿಗೆ ಬಾಡಿಗೆ ಇಳಿಸುವ ಕಾರಣ ಇಲ್ಲ, ಬಾಡಿಗೆದಾರನಿಗೆ ಇಳಿಸು ಅಂತ ಕೇಳುವ ಕಾರಣ ಇಲ್ಲ. ಮಧ್ಯದಲ್ಲಿ ಕೊಡುವವನು ಅಮೆರಿಕದ ತೆರಿಗೆದಾರ, ಅವನು ಅಲ್ಲಿ ಕೂತು ನೋಡ್ತಿಲ್ಲ. ಅದೇ ಬೀದಿಯ ಸ್ಥಳೀಯ ಬಾಡಿಗೆದಾರನಿಗೆ ಯಾವ ಭತ್ಯೆಯೂ ಇಲ್ಲ, ಅವನು ಎರಡು ಬಸ್ ಸ್ಟಾಪ್ ಆಚೆ ಮನೆ ಹುಡುಕಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಉಳಿಸಿದ್ದರಲ್ಲಿ ಕಾಲು ಭಾಗ ಸೈನಿಕನಿಗೇ ಬಿಟ್ಟರೆ ಸಾಕು. 1,700ರ ಮಿತಿಯಲ್ಲಿ 1,500ಕ್ಕೆ ಮನೆ ಹಿಡಿದವನಿಗೆ 50 ಅವನದ್ದು, 150 ಸರ್ಕಾರದ್ದು. ಪೂರ್ತಿ ಬಿಟ್ಟುಕೊಟ್ಟರೆ ಜನ ಬೀಗ ಸರಿಯಿಲ್ಲದ, ಗೋಡೆ ಒದ್ದೆಯಾಗುವ ಮನೆಯಲ್ಲಿದ್ದು ದುಡ್ಡು ಉಳಿಸುತ್ತಾರೆ, ಆ ಭಯ ನಿಜವೇ. ಆದರೆ ಕಾಲು ಭಾಗಕ್ಕೆ ಯಾರೂ ಹೆಂಡತಿ ಮಕ್ಕಳನ್ನು ಪಾಳು ಮನೆಗೆ ಕರೆದುಕೊಂಡು ಹೋಗೋದಿಲ್ಲ.

ಸರಿ, ಬಾಡಿಗೆಯ ಮಾತು ಬಿಡಿ, ಅದು ಬಂದ ದಾರಿಯಲ್ಲೇ ಹೋಗುವ ದುಡ್ಡು. ಮನೆ ಬಜೆಟ್ಟಿನ ನಿಜವಾದ ಪರೀಕ್ಷೆ ಎರಡನೇ ಭಾಗದಲ್ಲಿದೆ.

ಕರೆಂಟ್, ನೀರು, ಹೀಟಿಂಗ್ ಭತ್ಯೆ ಬಾಡಿಗೆಗೆ ತದ್ವಿರುದ್ಧ. ಇಲ್ಲಿ ಬಿಲ್ ಯಾರೂ ಕೇಳೋದಿಲ್ಲ. ದೇಶಕ್ಕೆ ಒಂದು ಮೊತ್ತ ಅಂತ ಸರ್ವೆ ಮಾಡಿ ಗೊತ್ತು ಮಾಡಿರುತ್ತಾರೆ, ಪ್ರತಿ ತಿಂಗಳೂ ಪೂರ್ತಿ ಬರುತ್ತದೆ, ಉಳಿಸಿದರೆ ನಿಮ್ಮದು, ಮೀರಿದರೂ ನಿಮ್ಮದೇ. ಇದೂ ಸುಮಾರು 80% ಜನರಿಗೆ ಸಾಕಾಗುವ ಹಾಗೆ ಇಟ್ಟದ್ದು. ಮನೆ ಹಂಚಿಕೊಂಡವರಿಗೆ ಈ ಮೊತ್ತವೂ ಹಂಚಿಹೋಗುತ್ತದೆ. ತಿಂಗಳು ತಿಂಗಳು ಒಂದೇ ಸಮ ಬರುವ ದುಡ್ಡು, ಆದರೆ ಚಳಿ ಹಾಗೆ ಒಂದೇ ಸಮ ಬರೋದಿಲ್ಲ. ತೊಂದರೆ ಅದೇ.

ನಮ್ಮ ಹುಡುಗನ ಮೊದಲ ಚಳಿಗಾಲದ ಕತೆ ಹೇಳ್ತೀನಿ. ಮೇ ತಿಂಗಳಲ್ಲಿ ಮನೆ ಹಿಡಿದ. ಜೂನ್, ಜುಲೈ, ಆಗಸ್ಟ್, ಕರೆಂಟ್ ಬಿಲ್ ಅಷ್ಟಕ್ಕಷ್ಟೇ, ಭತ್ಯೆಯಲ್ಲಿ ಪ್ರತಿ ತಿಂಗಳೂ ಮೂರು ನೂರು ಉಳಿಯುತ್ತಿತ್ತು. ಗಂಡ ಹೆಂಡತಿ ಪ್ಯಾರಿಸ್ ನೋಡಿದರು, ಆಮ್‌ಸ್ಟರ್‌ಡ್ಯಾಮ್ ನೋಡಿದರು, ಫೋಟೋ ನಮಗೂ ಬಂತು. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಮನೆಯೊಡತಿ, ಎಪ್ಪತ್ತು ದಾಟಿದ ಅಜ್ಜಿ, ಇವನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದಳು. ಅಲ್ಲೊಂದು ದೊಡ್ಡ ತೊಟ್ಟಿ. ಪಕ್ಕದಲ್ಲಿ ಎಣ್ಣೆಯ ಮಟ್ಟ ತೋರಿಸುವ ಸಣ್ಣ ಗಾಜಿನ ಕೊಳವೆ. ಅಜ್ಜಿ ಬೆರಳಲ್ಲಿ ತೋರಿಸಿದಳು, ಮಟ್ಟ ಮೊಣಕಾಲಿಗಿಂತ ಕೆಳಗೆ. ಆ ಮನೆ ಬಿಸಿಯಾಗೋದು ಹೀಟಿಂಗ್ ಎಣ್ಣೆಯಿಂದ. ಲಾರಿಯವನು ತಿಂಗಳು ತಿಂಗಳು ಬರೋದಿಲ್ಲ, ವರ್ಷಕ್ಕೆ ಒಂದು ಸಲ, ಎರಡು ಸಲ ಬಂದು ತುಂಬಿಸಿ ಹೋಗುತ್ತಾನೆ. 1,500 ಲೀಟರ್, ಲೀಟರಿಗೆ ಸುಮಾರು ಒಂದು ಯೂರೋ. ಒಂದೇ ಏಟಿಗೆ 1,500 ಯೂರೋ. ಆ ಬೇಸಿಗೆಯಲ್ಲಿ ಉಳಿದಿದ್ದ ದುಡ್ಡೆಲ್ಲ ಐಫೆಲ್ ಟವರ್ ಹತ್ತಿರ ಖರ್ಚಾಗಿತ್ತು. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರ ಮಾರ್ಚ್‌ನಲ್ಲಿ, ಅದೇ ಎಣ್ಣೆ ಲೀಟರಿಗೆ 2 ಯೂರೋ ಆಸುಪಾಸಿಗೆ ಹೋಗಿತ್ತು, ಆ ವಾರ ತೊಟ್ಟಿ ಖಾಲಿಯಾಗಿದ್ದವರ ಕತೆ ನೀವೇ ಊಹಿಸಿಕೊಳ್ಳಿ.

ಎಣ್ಣೆ ಇಲ್ಲದ ಮನೆಗೆ ಇನ್ನೊಂದು ಥರದ ಗುಮ್ಮ. ಜರ್ಮನಿಯಲ್ಲಿ ಬರೀ ಬಾಡಿಗೆಯನ್ನು 'ತಣ್ಣನೆ ಬಾಡಿಗೆ' ಅಂತಾರೆ, ನೀರು, ಕಸ, ಹೀಟಿಂಗ್ ಎಲ್ಲ ಸೇರಿದ್ದನ್ನು 'ಬೆಚ್ಚನೆ ಬಾಡಿಗೆ' ಅಂತಾರೆ. ಕಾಲ್ಟ್‌ಮೀಟೆ, ವಾರ್ಮ್‌ಮೀಟೆ. ಈ ಮೇಲಿನ ಖರ್ಚಿಗೆ ಪ್ರತಿ ತಿಂಗಳು ಕೊಡೋದು ಅಂದಾಜು ಮೊತ್ತ ಮಾತ್ರ. ವರ್ಷ ಮುಗಿದ ಮೇಲೆ ಮಾಲೀಕ ನಿಜವಾದ ಲೆಕ್ಕ ಕಳಿಸುತ್ತಾನೆ, ಕಳಿಸಲು ಅವನಿಗೆ ಕಾನೂನು ಕೊಡುವ ಸಮಯ ಆ ಲೆಕ್ಕದ ವರ್ಷ ಮುಗಿದು ಹನ್ನೆರಡು ತಿಂಗಳು. ಅಂದರೆ 2024ರ ಜನವರಿಯಲ್ಲಿ ನೀವು ಹೀಟರ್ ಜಾಸ್ತಿ ತಿರುಗಿಸಿದ್ದರ ಬಿಲ್ 2025ರ ಡಿಸೆಂಬರಿನಲ್ಲಿ ಬರಬಹುದು. ಅಷ್ಟರಲ್ಲಿ ಮರೆತೇ ಹೋಗಿರುತ್ತದೆ. ಕೆಲವರಿಗೆ ದುಡ್ಡು ವಾಪಸ್ ಬರುತ್ತದೆ, ಕೆಲವರಿಗೆ ಕ್ರಿಸ್‌ಮಸ್ ವಾರದಲ್ಲಿ ಆರು ನೂರು ಯೂರೋ ಕಟ್ಟಿ ಅಂತ ಪತ್ರ.

ಕೊರಿಯಾದಲ್ಲಿ ಇದು ಬೇಸಿಗೆಯ ಸಮಸ್ಯೆ. ಅಲ್ಲಿ ಮನೆಗಳ ಕರೆಂಟ್ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ನಮ್ಮ ಬೆಸ್ಕಾಂನಲ್ಲಿ ಹಿಂದೆ ಸ್ಲ್ಯಾಬ್ ಇದ್ದ ಹಾಗೆ. ಅಮೆರಿಕದಲ್ಲಿ ಹಗಲು ರಾತ್ರಿ ಎಸಿ ಹಾಕಿ ಮಲಗುವ ಅಭ್ಯಾಸ ಇಟ್ಟುಕೊಂಡು ಹೋದವರಿಗೆ ಆಗಸ್ಟ್ ಬಿಲ್ ನೋಡಿದಾಗ ಬೆವರು ಬರುತ್ತದೆ, ಎಸಿ ಇದ್ದೂ.

ಒಂದು ಒಳ್ಳೆ ಸುದ್ದಿಯೂ ಇದೆ, ಬಹಳ ಜನ ತಡವಾಗಿ ತಿಳಿದುಕೊಳ್ಳುವಂಥದ್ದು. ಜರ್ಮನಿಯಲ್ಲಿ ಅಮೆರಿಕನ್ ಸೈನಿಕರಿಗೆ ಮನೆಯ ಕರೆಂಟ್, ಗ್ಯಾಸ್ ಬಿಲ್ಲಿನ ಮೇಲಿನ 19% ವ್ಯಾಟ್ ತಪ್ಪಿಸುವ ಏರ್ಪಾಡಿದೆ. ಆದರೆ ಅದು ತಾನಾಗಿ ಬರೋದಿಲ್ಲ, ಟ್ಯಾಕ್ಸ್ ರಿಲೀಫ್ ಆಫೀಸಿಗೆ ಹೋಗಿ ಹೆಸರು ಬರೆಸಬೇಕು. ಭತ್ಯೆ ಮಾತ್ರ ಹೆಸರು ಬರೆಸಿದವನಿಗೂ ಬರೆಸದವನಿಗೂ ಒಂದೇ. ಇನ್ನೊಂದು: ವರ್ಷಕ್ಕೊಮ್ಮೆ ಬರುವ ಸರ್ವೆಗೆ ಉತ್ತರ ಬರೆಯದವರ ಬಿಲ್ ಲೆಕ್ಕಕ್ಕೇ ಬರೋದಿಲ್ಲ, ಆಮೇಲೆ ಭತ್ಯೆ ಸಾಲಲ್ಲ ಅಂತ ಗೊಣಗುವವರಲ್ಲಿ ಅವರೇ ಮುಂದೆ.

ಮೂರನೇ ಭಾಗ ಮನೆ ಹೊಕ್ಕುವ ಖರ್ಚು. ಜರ್ಮನಿಯಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದರೆ ನಾಲ್ಕು ಗೋಡೆ, ಒಂದು ನಲ್ಲಿ ಪೈಪು ಅಷ್ಟೇ. ಸಿಂಕು, ಕಪಾಟು, ಒಲೆ ಎಲ್ಲ ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ದೀಪವೂ ಇರೋದಿಲ್ಲ, ಚಾವಣಿಯಿಂದ ಎರಡು ವೈರು ನೇತಾಡುತ್ತಿರುತ್ತವೆ. ಅಮೆರಿಕದಿಂದ ತಂದ ಮಿಕ್ಸರು, ಕಾಫಿ ಮೆಷಿನ್ನು 110 ವೋಲ್ಟಿನವು, ಅಲ್ಲಿ ಇರೋದು 230. ಟ್ರಾನ್ಸ್‌ಫಾರ್ಮರ್ ಬೇಕು. ಇಂಥದ್ದಕ್ಕೆಲ್ಲ ಒಂದು ಸಲ ಕೊಡುವ ಗೊತ್ತಾದ ಮೊತ್ತ ಇದೆ, ಅದಕ್ಕೆ ಮಿಹಾ ಅಂತಾರೆ. ವಾಪಸ್ ಬಾರದ ಏಜೆಂಟ್ ಕಮಿಷನ್ ಥರದ ಖರ್ಚಿಗೆ ಇನ್ನೊಂದು ತಲೆಬರಹದಡಿ ರಸೀದಿ ತೋರಿಸಿ ಪೂರ್ತಿ ಪಡೆಯಬಹುದು. ಜಪಾನಿನಲ್ಲಿ ಮನೆ ಮಾಲೀಕನಿಗೆ ಒಂದೆರಡು ತಿಂಗಳ ಬಾಡಿಗೆಯನ್ನು 'ರೇಕಿನ್' ಅಂತ ಕೊಡುವ ಪದ್ಧತಿ ಇದೆ. ಅರ್ಥ ಕೃತಜ್ಞತೆಯ ಹಣ. ಮನೆ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳಿ ಕೊಡೋದು, ವಾಪಸ್ ಇಲ್ಲ. ಇದೂ ಅದರಲ್ಲೇ ಬರುತ್ತದೆ.

ಡಿಪಾಸಿಟ್ ಮಾತ್ರ ಬೇರೆ ಜಾತಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದ ನಮಗೆ ಜರ್ಮನಿಯ ಮೂರು ತಿಂಗಳ ತಣ್ಣನೆ ಬಾಡಿಗೆ ಅಂದರೆ ಅಷ್ಟೇನಾ ಅನ್ನಿಸುತ್ತದೆ, ಅದಕ್ಕಿಂತ ಜಾಸ್ತಿ ಕೇಳಲು ಅಲ್ಲಿ ಕಾನೂನೇ ಬಿಡೋದಿಲ್ಲ. (ಕೊರಿಯಾದಲ್ಲಿ ನಮ್ಮ ಭೋಗ್ಯದ ಥರದ್ದೇ ಒಂದು ಪದ್ಧತಿ ಇದೆ, ಜಾನ್ಸೆ ಅಂತ. ದೊಡ್ಡ ಮೊತ್ತ ಇಟ್ಟು ತಿಂಗಳ ಬಾಡಿಗೆ ಇಲ್ಲದೆ ಇರೋದು. ಇದನ್ನು ಓದಿದಾಗ ನನಗೆ ಶ್ರೀನಗರದ ನಮ್ಮ ಹಳೆಯ ಭೋಗ್ಯದ ಮನೆ ನೆನಪಾಯಿತು.) ಆದರೆ 1,400 ಯೂರೋದ ಮೂರು ಪಟ್ಟು 4,200, ಹೊಸದಾಗಿ ದೇಶಕ್ಕೆ ಬಂದವನ ಹತ್ತಿರ ಅದು ಎಲ್ಲಿರುತ್ತದೆ? ಸೇನೆಯಿಂದ ಅಡ್ವಾನ್ಸ್ ಸಿಗುತ್ತದೆ. ಸಿಗೋದು ಸಾಲದ ಹಾಗೆ, ತೀರಿಸಬೇಕು. ಬಂದ ದಿನ ಡಾಲರಿನಲ್ಲಿ ದೊಡ್ಡ ಮೊತ್ತ ಅಕೌಂಟಿನಲ್ಲಿ ಕಂಡಾಗ ಅದನ್ನು ಸಂಬಳದ ಜೊತೆ ಬೆರೆಸಿಬಿಟ್ಟರೆ ಮುಗಿಯಿತು. ಮನೆ ಸಿಗುವ ತನಕ ಹೋಟೆಲಿನಲ್ಲಿರಲು ಟಿಎಲ್‌ಎ ಅಂತ ಬೇರೆ ಭತ್ಯೆ ಇದೆ, ಸಾಮಾನ್ಯವಾಗಿ 60 ದಿನದ ತನಕ. ಅದೂ ಬಿಲ್ ಕೊಟ್ಟ ಮೇಲೆ ಬರುವಂಥದ್ದು. ಹೀಗಾಗಿ ಮೊದಲ ಎರಡು ತಿಂಗಳು ಎಲ್ಲರಿಗೂ ಸರ್ಕಾರವೇ ಕೊಡುತ್ತದೆ, ಆದರೆ ಮೊದಲು ಕಾರ್ಡ್ ಉಜ್ಜಬೇಕಾದವನು ಸೈನಿಕ.

ಈಗ ನನ್ನ ಕ್ಷೇತ್ರಕ್ಕೆ ಬರ್ತೀನಿ. ವಿನಿಮಯ ದರ.

ಭತ್ಯೆಯ ದರವನ್ನು ತಿಂಗಳಿಗೆ ಎರಡು ಸಲ, 1ನೇ ಮತ್ತು 16ನೇ ತಾರೀಕಿಗೆ, ಕರೆನ್ಸಿಗೆ ತಕ್ಕಂತೆ ಸರಿ ಮಾಡುವ ಏರ್ಪಾಡಿದೆ. ಒಳ್ಳೆಯ ವ್ಯವಸ್ಥೆ, ನಮ್ಮ ಎಷ್ಟೋ ಕಂಪನಿಗಳು ವಿದೇಶಕ್ಕೆ ಕಳಿಸಿದ ನೌಕರರಿಗೆ ವರ್ಷಕ್ಕೊಮ್ಮೆಯೂ ಇದನ್ನು ಮಾಡೋದಿಲ್ಲ. ಆದರೆ ಸರ್ಕಾರ ಲೆಕ್ಕಕ್ಕೆ ಹಿಡಿಯುವ ದರ ಒಂದು, ಕೌಂಟರಿನಲ್ಲಿ ನಿಮಗೆ ಸಿಗುವ ದರ ಇನ್ನೊಂದು. ಪೇಪರಿನಲ್ಲಿ ಬರುವ ದರಕ್ಕೂ ಬ್ಯಾಂಕು ನಿಮಗೆ ಮಾರುವ ದರಕ್ಕೂ ಮಧ್ಯದ ಅಂತರದಲ್ಲಿ ನಾನು ಹದಿನೆಂಟು ವರ್ಷ ಅನ್ನ ತಿಂದಿದ್ದೇನೆ, ಅದು ಎಷ್ಟು ಸದ್ದಿಲ್ಲದೆ ಕೆಲಸ ಮಾಡುತ್ತದೆ ಅಂತ ನನಗೆ ಗೊತ್ತು. ಒಂದು ಯೂರೋಗೆ ಮೂರು ಸೆಂಟ್ ಅಂತರ ಅಂದುಕೊಳ್ಳಿ. 1,400ಕ್ಕೆ ತಿಂಗಳಿಗೆ 42 ಡಾಲರ್. ವರ್ಷಕ್ಕೆ 504. ಮೂರು ವರ್ಷದ ಪೋಸ್ಟಿಂಗಿಗೆ 1,512. ಇದನ್ನು ಯಾವ ಫಾರ್ಮಿನಲ್ಲೂ ವಾಪಸ್ ಕೇಳಲು ಬರೋದಿಲ್ಲ. ಅಕ್ಕನ ಮಗನನ್ನು ಕೇಳಿದರೆ "ಆನ್‌ಲೈನ್‌ನಲ್ಲೇ ಕಳಿಸ್ತೀನಿ ಮಾಮ, ಚಾರ್ಜ್ ಸೊನ್ನೆ" ಅಂದ. ಚಾರ್ಜ್ ಸೊನ್ನೆ ಅಂದ ಕಡೆ ದರ ನೋಡಬೇಕು, ದರ ಚೆನ್ನಾಗಿದ್ದರೆ ಚಾರ್ಜ್ ನೋಡಬೇಕು. ಎರಡನ್ನೂ ಸೇರಿಸಿ ಕೊನೆಗೆ ಆ 1,400 ಯೂರೋಗೆ ಎಷ್ಟು ಡಾಲರ್ ಹೋಯಿತು ಅನ್ನೋದೊಂದೇ ಸತ್ಯ. ಕೂತು ಮೂರು ಕಡೆ ಹೋಲಿಸಿ ನೋಡಿದ, ತಿಂಗಳಿಗೆ 29 ಡಾಲರ್ ಉಳಿಯಿತು.

ಇನ್ನೊಂದು ತಪ್ಪು ಅಂದರೆ ಅಗ್ಗವಾಗಿದೆ ಅಂತ ಆರು ತಿಂಗಳ ಬಾಡಿಗೆಯ ಯೂರೋವನ್ನು ಒಟ್ಟಿಗೆ ಕೊಂಡಿಡೋದು. ಇದು ಜೂಜು, ಅದೂ ಬೇಡದ ಜೂಜು. ಬಾಡಿಗೆಯ ಭಾಗಕ್ಕೆ ಸರ್ಕಾರವೇ ಏರಿಳಿತ ಹೊತ್ತಿದೆಯಲ್ಲ. 2022ರ ಜುಲೈನಲ್ಲಿ ಯೂರೋ ಡಾಲರಿಗೆ ಸರಿಸಮ ಆಗಿತ್ತು, ಜಪಾನಿನ ಯೆನ್ 2024ರ ಬೇಸಿಗೆಯಲ್ಲಿ ಡಾಲರಿಗೆ 160 ದಾಟಿತ್ತು. ಯೆನ್ ಬಿದ್ದಾಗ ಜಪಾನಿನಲ್ಲಿದ್ದವರಿಗೆ ಬಾಡಿಗೆ ಭತ್ಯೆಯ ಡಾಲರ್ ಮೊತ್ತ ಇಳಿಯಿತು, ಕೋಲಾ ಅನ್ನುವ ತುಟ್ಟಿಭತ್ಯೆಯೂ ಇಳಿಯಿತು. ಬಾಡಿಗೆ ಭತ್ಯೆ ಇಳಿದದ್ದರಿಂದ ಏನೂ ನಷ್ಟ ಇಲ್ಲ, ಯೆನ್ ಬಾಡಿಗೆ ಮೊದಲಿನಷ್ಟೇ ತೀರುತ್ತದೆ. ಆದರೆ ಕೋಲಾವನ್ನು ನಂಬಿ ಅಮೆರಿಕದಲ್ಲಿ ಕಾರಿನ ಇಎಂಐ ಕಟ್ಟುತ್ತಿದ್ದವರಿಗೆ ಏಟು ಬಿತ್ತು. ಆ ಸಾಲ ಡಾಲರಿನಲ್ಲಿತ್ತು, ಅದು ಯೆನ್ ಜೊತೆ ಇಳಿಯಲಿಲ್ಲ. ವಿದೇಶದ ಭತ್ಯೆಯನ್ನು ವಿದೇಶದ ಖರ್ಚಿಗೆ, ಮೂಲ ಸಂಬಳವನ್ನು ಅಮೆರಿಕದ ಸಾಲಕ್ಕೆ ಅಂತ ಬೇರೆ ಬೇರೆ ಇಟ್ಟವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ.

2025ರ ಕೊನೆ ಈ ಲೆಕ್ಕವನ್ನೆಲ್ಲ ಇನ್ನೊಂದು ರೀತಿ ಅಲುಗಾಡಿಸಿತು. ಅಕ್ಟೋಬರ್ 1ರಿಂದ ನವೆಂಬರ್ 12ರ ತನಕ 43 ದಿನ, ಖರ್ಚಿನ ಮಸೂದೆಗೆ ಸಂಸತ್ತಿನ ಒಪ್ಪಿಗೆ ಸಿಗದೆ, ಅಮೆರಿಕ ಸರ್ಕಾರ ಬಾಗಿಲು ಹಾಕಿಕೊಂಡಿತು, ಅಲ್ಲಿನ ಇತಿಹಾಸದಲ್ಲಿ ಆವರೆಗಿನ ಎಲ್ಲಕ್ಕಿಂತ ಉದ್ದದ್ದು. ಅಕ್ಟೋಬರ್ 15ರ ಸಂಬಳ ಬರುತ್ತೋ ಇಲ್ಲವೋ ಅನ್ನೋದು ಕೊನೆಯ ದಿನಗಳ ತನಕ ಗೊತ್ತಿರಲಿಲ್ಲ, ಸಂಶೋಧನೆಗೆ ಇಟ್ಟಿದ್ದ ದುಡ್ಡನ್ನು ತಿರುಗಿಸಿ ಕೊಟ್ಟರು. ಜರ್ಮನಿಯ ಕಾನೂನಿನ ಪ್ರಕಾರ ಬಾಡಿಗೆ ತಿಂಗಳ ಮೂರನೇ ಕೆಲಸದ ದಿನದೊಳಗೆ ಕೊಡಬೇಕು. ನೆಲಮಾಳಿಗೆಯ ತೊಟ್ಟಿ ತೋರಿಸಿದ ಅಜ್ಜಿಗೆ ವಾಷಿಂಗ್ಟನ್ನಿನ ಜಗಳ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಡಿಸೆಂಬರಿನಲ್ಲಿ, ಜನರಲ್‌ಗಳಂಥ ದೊಡ್ಡ ಅಧಿಕಾರಿಗಳನ್ನು ಬಿಟ್ಟು, ಸೇವೆಯಲ್ಲಿದ್ದ ಬಹುತೇಕ ಎಲ್ಲ ಸೈನಿಕರಿಗೂ ತಲಾ 1,776 ಡಾಲರ್ ಒಂದು ಸಲದ ಕೊಡುಗೆ ಅಂತ ಘೋಷಣೆಯಾಯಿತು, ಮೊತ್ತ ಸ್ವಾತಂತ್ರ್ಯದ ವರ್ಷ ನೋಡಿ ಇಟ್ಟದ್ದು. ಆ ದುಡ್ಡು ಬಂದದ್ದು ಎಲ್ಲಿಂದ ಅಂದರೆ, ಅದೇ ವರ್ಷ ಸಂಸತ್ತು ಸೈನಿಕರ ಮನೆ ಭತ್ಯೆಯನ್ನು ಹೆಚ್ಚಿಸಲು ಅಂತ ತೆಗೆದಿಟ್ಟಿದ್ದ 290 ಕೋಟಿ ಡಾಲರಿನಿಂದ. ಬಾಡಿಗೆ ಕಟ್ಟುವವನಿಗೂ ಅಷ್ಟೇ, ಬಾಡಿಗೆಯೇ ಇಲ್ಲದೆ ಬ್ಯಾರಕ್ಕಿನಲ್ಲಿ ಮಲಗುವವನಿಗೂ ಅಷ್ಟೇ. ಮನೆಯ ಸಮಸ್ಯೆಗೆ ಇಟ್ಟ ದುಡ್ಡು ಹಬ್ಬದ ಉಡುಗೊರೆಯಾಯಿತು. ಕೊಟ್ಟಿದ್ದು ಬೇಡ ಅಂತ ಯಾರೂ ಹೇಳಲಿಲ್ಲ ಬಿಡಿ, ನಮ್ಮ ಹುಡುಗನೂ ಹೇಳಲಿಲ್ಲ.

ಅವನು ಈಗ ಏನು ಮಾಡಿದ್ದಾನೆ ಅಂದರೆ, ಬಾಡಿಗೆ ಭತ್ಯೆಯನ್ನು ಆದಾಯದ ಪಟ್ಟಿಯಿಂದಲೇ ತೆಗೆದುಹಾಕಿದ್ದಾನೆ. ಬಜೆಟ್ ಶೀಟಿನಲ್ಲಿ ಅದು ಇಲ್ಲವೇ ಇಲ್ಲ, ಬಾಡಿಗೆಯೂ ಇಲ್ಲ. ಎರಡೂ ಬೇರೆ ಅಕೌಂಟಿನಲ್ಲಿ ಒಂದನ್ನೊಂದು ತಿಂದುಕೊಳ್ಳುತ್ತವೆ. ಒಂದು ತಿಂಗಳ ಬಾಡಿಗೆಯಷ್ಟು ಯೂರೋ ಅಲ್ಲೇ ಖಾಯಂ ಕೂತಿರುತ್ತದೆ, ಅಕ್ಟೋಬರಿನಂಥ ತಿಂಗಳಿಗೆ. ಕರೆಂಟ್, ಹೀಟಿಂಗ್ ಭತ್ಯೆ ಬಂದ ದಿನವೇ ಪೂರ್ತಿ ಇನ್ನೊಂದು ಅಕೌಂಟಿಗೆ ಹೋಗುತ್ತದೆ, ಬೇಸಿಗೆಯಲ್ಲಿ ಎಷ್ಟೇ ತುಂಬಿದ ಹಾಗೆ ಕಂಡರೂ ಮುಟ್ಟುವಂತಿಲ್ಲ. ಹೋದ ಅಕ್ಟೋಬರಿನಲ್ಲಿ ಲಾರಿಯವನು ಬಂದಾಗ ಅಲ್ಲಿಂದಲೇ ಕೊಟ್ಟ. ಅವನ ಹೆಂಡತಿ ಕೊಂಚ ಕನ್ನಡ ಕಲಿಯುತ್ತಿದ್ದಾಳೆ, ಆ ಅಕೌಂಟಿಗೆ ಆಪ್‌ನಲ್ಲಿ 'ಎಣ್ಣೆ' ಅಂತ ಹೆಸರಿಟ್ಟಿದ್ದಾಳೆ. ಕ್ರಿಸ್‌ಮಸ್ ರಜೆಗೆ ಬಂದಿದ್ದಾಗ ಅಕ್ಕ ಅವನ ಫೋನಿನಲ್ಲಿ ಅದನ್ನು ನೋಡಿದಳು. ಎಣ್ಣೆ, 1,140 ಯೂರೋ. ಫೋನ್ ಹಿಡಿದುಕೊಂಡೇ ಮಗನ ಮುಖವನ್ನು ಒಂದು ನಿಮಿಷ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿ, "ಏನೋ ಇದು, ತಿಂಗಳಿಗೆ ಇಷ್ಟು ಕುಡೀತಾನೇನೋ ಇವನು?" ಅಂದಳು.